ಒಂದೇ ಕಾಲುಚೀಲ

ರೋಮನ್ ಶಿಲ್ಪಗಳ ಒಡೆದ ಚೂರುಗಳನ್ನು ಕೂಡಿಡುವ ಹುಚ್ಚು ನನಗೆ. ಆಸ್ಪತ್ರೆಯ ಡ್ಯೂಟಿಗೆ ರಜೆ ಸಿಕ್ಕಿದರೆ ಅದೇ ಕೆಲಸ. ಇಲ್ಲೇ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಒಬ್ಬ ಅಜ್ಜಿ ಅಂಥದ್ದೊಂದನ್ನು ಮಾರುತ್ತಾರೆಂದು ತಿಳಿದು ಹೋದೆ. ಕಿಟಕಿಯ ಹತ್ತಿರ ಮಗುವಿನದೊಂದು ಅಮೃತಶಿಲೆಯ ಪಾದ. ಅದಕ್ಕೆ ನೀಲಿ ಉಣ್ಣೆಯ ಕಾಲುಚೀಲ ಹಾಕಿದ್ದರು!

ಯಾರ ಕೈಯಿಂದ ಯಾರ ಕೈಗೆ ಬಂತೆಂದು ಕೇಳದೆ ನಾವು ಸಂಗ್ರಹಕಾರರು ಯಾವ ಚೂರನ್ನೂ ಕೊಳ್ಳುವುದಿಲ್ಲ. ಕೇಳಿದೆ.

"ನನ್ನ ಗಂಡನ ತಾತ ಇಟಲಿಯಿಂದ ತಂದದ್ದು" ಎಂದರು.

"ಈ ಕಾಲುಚೀಲ?"

"ನಮ್ಮ ಮಗನಿಗೆಂದು ಹೆಣೆದದ್ದು. ಇನ್ನೊಂದನ್ನು ಶುರು ಮಾಡುವ ಮೊದಲೇ ಹುಟ್ಟಿದ. ಅವತ್ತೇ ಹೋಗಿಬಿಟ್ಟ." ಪಾದದ ಕಡೆ ತೋರಿಸಿ, "ಇದಕ್ಕೂ ಒಂದೇ ಕಾಲು ನೋಡಿ" ಎಂದರು.

ನಾನು ಬಗ್ಗಿ ಪಾದವನ್ನು ನೋಡಿದೆ.

"ನಾನಿನ್ನು ವೃದ್ಧಾಶ್ರಮಕ್ಕೆ ಹೋಗುವವಳು. ನೀವು ಆ ಕಾಲುಚೀಲವನ್ನು ತೆಗೆದುಬಿಡುತ್ತೀರಾ, ಡಾಕ್ಟರ್?"

ಹಿಂದಿನ ಮಾಲೀಕರು ಅಂಟಿಸಿದ ಚೀಟಿಯನ್ನು ಕೂಡ ನಾವು ಕೀಳುವುದಿಲ್ಲ, ಇದನ್ನು ತೆಗೆಯುವ ಮಾತೇ ಇಲ್ಲ ಎಂದೆ. ಅವರು ಕಾಲುಚೀಲವನ್ನು ಮೆಲ್ಲಗೆ ಮೇಲಕ್ಕೆಳೆದು ಸರಿಮಾಡಿ, ಪಾದವನ್ನು ನನ್ನ ಕೈಗಿಟ್ಟರು.

ಭಿನ್ನವಾದ ವಿಗ್ರಹ ಮನೆಯೊಳಗೆ ಇರಬಾರದೆಂದು ನನ್ನ ಚೂರುಗಳನ್ನೆಲ್ಲ ಗ್ಯಾರೇಜಿಗೆ ಅಟ್ಟಿದವಳು ನನ್ನ ಹೆಂಡತಿ. ಈ ಪಾದವನ್ನು ಮಾತ್ರ, ಕಥೆ ಕೇಳಿದ ಮೇಲೆ, ತಾನೇ ಒಳಗೆ ತಂದು ಹೀಟರ್ ಪಕ್ಕದಲ್ಲಿ ಇಟ್ಟಿದ್ದಾಳೆ.