ಬಿಳೇಕಹಳ್ಳಿ ಟೀಮಿನ ಅಕ್ಕಯಮ್ಮ

ಅಕ್ಕಯಮ್ಮನವರ ಮುಖ ನೋಡುವ ಮೊದಲು ನಾನು ಕೇಳಿದ್ದು ಅವರ ಗಂಟಲು. ಐವತ್ತೇಳನೇ ಇಸವಿ ಇರಬೇಕು. ಬೆಂಗಳೂರಿನ ಬೈರಸಂದ್ರದ ಕೆರೆ ಪಕ್ಕದ ಬಯಲಿನಲ್ಲಿ ನಮ್ಮ ಜಯನಗರ ಟೀಮಿಗೂ ಬಿಳೇಕಹಳ್ಳಿ ಟೀಮಿಗೂ ಫುಟ್‌ಬಾಲ್ ಮ್ಯಾಚು ನಡೆದಿತ್ತು. ನಾನು ಜಯನಗರದ ಗೋಲಿ, ಅಂದರೆ ಗೋಲ್‌ಕೀಪರ್; ಕಾಲೇಜು ಹುಡುಗ. ನಮ್ಮ ಬ್ಯಾಕ್ ಸೀನು, ಚೆಂಡು ತಳ್ಳಿಕೊಂಡು ನುಗ್ಗುತ್ತಿದ್ದ ಅವರ ಹುಡುಗನೊಬ್ಬನಿಗೆ ಅಡ್ಡಗಾಲು ಕೊಟ್ಟು ಕೆಡವಿದ. ರೆಫರಿಯ ಕಣ್ಣಿಗೆ ಅದು ಬೀಳಲಿಲ್ಲ. ಬಯಲಿನ ಆಚೆ ತುದಿಯಿಂದ ಒಂದು ಕೂಗು ಬಂತು.

"ಏಯ್! ಯಾವನ್ಲಾ ಅವ್ನು, ನಮ್ ಚಿಕ್ಕನ್ ಕಾಲ್ ಮುರಿಯೋನು?"

ಕೆರೆಯ ಅಂಚಿನ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಸೀಟಿಯೇ ಊದದೆ ಆಟ ನಿಂತುಹೋಯಿತು. ರೆಫರಿಯಾಗಿದ್ದ ಡ್ರಿಲ್ ಮೇಷ್ಟ್ರು ಚನ್ನಬಸವಯ್ಯನವರು ಎಡಬಲ ನೋಡಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ ಎತ್ತರದ ಹೆಂಗಸೊಬ್ಬರು, ಕೈಯಲ್ಲಿ ಮುರಿದ ಸೇವಂತಿಗೆ ಗಿಡಗಳ ಕಂತೆ ಹಿಡಿದು, ಬಯಲಿನ ಮಧ್ಯಕ್ಕೇ ನಡೆದು ಬರುತ್ತಿದ್ದರು. ಸೀನು ಓಡಿಬಂದು ನನ್ನ ಹಿಂದೆ ನಿಂತ. ಅವನಿಗಿಂತ ನಾನು ಸಣಕಲ. ನನ್ನ ಹಿಂದೆ ಯಾರೂ ಅಡಗಲಾರರು.

ಆಮೇಲೆ ಗೊತ್ತಾಯಿತು, ಅವರು ಬಂದಿದ್ದು ಆಟ ನೋಡಲು ಅಲ್ಲ. ಬಿಳೇಕಹಳ್ಳಿಯ ಬೋರಣ್ಣನವರ ಹೆಂಡತಿ ಆಕೆ. ಮದುವೆಯಾಗಿ ಬಂದಾಗ ಮೈದುನ ಚಿಕ್ಕಬೈರಪ್ಪ ತಾಯಿಯಿಲ್ಲದ ಕೂಸು; ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಆ ಬೆಳಿಗ್ಗೆ ಅವನೂ ಅವನ ಗೆಳೆಯರೂ ಚೆಂಡು ಒದ್ದು ಒದ್ದು ಸೇವಂತಿಗೆ ಮಡಿಯನ್ನು ಸಪಾಟು ಮಾಡಿದ್ದರು. ಮೊಗ್ಗು ಬಿಟ್ಟಿದ್ದ ಗಿಡಗಳು. ಮೈದುನನಿಗೆ ಅದೇ ಗಿಡದಲ್ಲಿ ಬಾರಿಸಬೇಕೆಂದು ಹೊಲದ ಬದುಗಳ ಮೇಲೆ ಬೈರಸಂದ್ರದವರೆಗೂ ನಡೆದು ಬಂದಿದ್ದರು. ಬಂದ ಗಳಿಗೆಗೆ ಸರಿಯಾಗಿ ಸೀನು ಅವನನ್ನು ಕೆಡವಿದ. ಹೊಡೆಯಲು ಬಂದವರು ಅಲ್ಲೇ ಅವನ ಪಕ್ಷ ಸೇರಿಬಿಟ್ಟರು.

"ಅಮ್ಮಾ, ಗೆರೆ ಆಚೆ ನಿಂತ್ಕೊಳ್ಳಿ. ಆಟ ನಡೀತಿದೆ," ಎಂದರು ಮೇಷ್ಟ್ರು.

"ನಿಂತ್ಕೋತೀನಿ ಸ್ವಾಮಿ. ಆದ್ರೆ ಕಣ್ ಬಿಟ್ಕೊಂಡ್ ಆಡ್ಸಿ," ಎಂದು ಅಕ್ಕಯಮ್ಮ ಗೆರೆಯ ಆಚೆ ಹೋದರು. ಆ ಗೆರೆ ನನ್ನ ಗೋಲ್ ಕಂಬದ ಪಕ್ಕದಲ್ಲೇ ಇತ್ತು. ಮ್ಯಾಚು ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಪ್ರತಿಸಲ ಚೆಂಡು ನನ್ನ ಕಡೆ ಬಂದಾಗಲೂ ನನ್ನ ಕಿವಿಯ ಹಿಂದೆ ಗುಡುಗು.

ಜೋಳ ಹಾಲುಗಟ್ಟುವ ಕಾಲಕ್ಕೆ ಅಟ್ಟಣೆ ಮೇಲೆ ನಿಂತು ಗಿಣಿ ಓಡಿಸಿದ ಗಂಟಲು ಅದು. ಅಂದಿನಿಂದ ಬಿಳೇಕಹಳ್ಳಿ ಟೀಮು ಎಲ್ಲಿ ಆಡಿದರೂ ಅಕ್ಕಯಮ್ಮ ಅಲ್ಲಿರುತ್ತಿದ್ದರು. ಶ್ರೀನಗರದಲ್ಲಿ ಆಡಿದಾಗ ಹನುಮಂತನಗರದ ಗುಡ್ಡದ ಮೇಲೆ ದೇವಸ್ಥಾನಕ್ಕೆ ಬಂದವರೂ ಯಾರಿಗೇನಾಯಿತೋ ಎಂದು ಇಳಿದು ಬಂದು ಆಟ ನೋಡಿದರಂತೆ. ಮೊದಮೊದಲು ಒಬ್ಬರೇ ಬರುತ್ತಿದ್ದರು. ಆಮೇಲೆ ಪಕ್ಕದ ಮನೆಯ ಸಿದ್ದಗಂಗಮ್ಮ ಜೊತೆಗೂಡಿದರು, ಅವರ ಹಿಂದೆ ಊರಿನ ಅರ್ಧ ಹೆಂಗಸರು. ಬರಿಗಾಲಿನಲ್ಲಿ ಆಡುವ ಆ ಹುಡುಗರಿಗೆ ಮಜ್ಜಿಗೆ ತಂದುಕೊಡುವುದು, ಉಳುಕಿದ ಕಾಲು ನೀವುವುದು, ಎದುರಾಳಿ ಗೋಲಿಯ ಜೀವ ತಿನ್ನುವುದು, ಇವು ಅವರ ಕೆಲಸ. ನಾನು ತೆಳ್ಳಗೆ ಬೆಳ್ಳಗೆ ಇದ್ದೆನೆಂದು ನನಗೆ 'ತಿಳಿಸಾರು' ಅಂತ ಹೆಸರಿಟ್ಟರು. "ಏ ತಿಳಿಸಾರು, ಗಾಳಿ ಬಂದ್ರೆ ಕಂಬ ಹಿಡ್ಕಳಪ್ಪಾ!" ಎಂದು ಕೂಗಿದರೆ ನಮ್ಮ ಟೀಮಿನವರೇ ನಗುತ್ತಿದ್ದರು.

ಊರಿನಲ್ಲಿ ಇದು ಎಲ್ಲರಿಗೂ ಹಿಡಿಸಲಿಲ್ಲ. ಬೋರಣ್ಣನವರ ದೊಡ್ಡಪ್ಪ ತಿಮ್ಮರಾಯಪ್ಪನವರು ಒಂದು ದಿನ ಜಗಲಿ ಮೇಲೆ ಕೂತು ನ್ಯಾಯ ತೆಗೆದರು. "ಗಂಡಸರು ಚೆಡ್ಡಿ ಹಾಕ್ಕೊಂಡು ಓಡಾಡೋ ಕಡೆ ನಮ್ ಮನೆ ಹೆಂಗಸು ನಿಂತ್ಕೊಂಡು ಕಿರುಚೋದಾ? ನಾಕು ಊರಿಗೆ ಕೇಳ್ಸುತ್ತೆ."

ಬೋರಣ್ಣ ಮಾತು ಕಡಿಮೆಯ ಮನುಷ್ಯ. ಎತ್ತಿಗೆ ಹುಲ್ಲು ಹಾಕುತ್ತಿದ್ದವರು ತಲೆ ಎತ್ತದೆ ಹೇಳಿದರಂತೆ: "ಇಷ್ಟ್ ವರ್ಷ ಹೊಲದಾಗೆ ಕೂಗಿದ್ಲು ದೊಡ್ಡಪ್ಪ. ಆಗ ಬೆಳೆ ಉಳೀತು ಅಂತ ನೀವೂ ಸುಮ್ನಿದ್ರಿ. ಈಗ ಹುಡುಗ್ರುಗೆ ಕೂಗ್ತಾಳೆ, ಕೂಗ್ಲಿ ಬಿಡಿ." ಮುಂದೆ ನನಗೆ ಇದನ್ನು ಹೇಳುವಾಗ ಚಿಕ್ಕಬೈರಪ್ಪನ ಮುಖ ಅರಳುತ್ತಿತ್ತು. ಅಣ್ಣ ಅಷ್ಟು ಉದ್ದ ಮಾತಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲಂತೆ.

ಮಾರನೇ ವರ್ಷ ನನ್ನ ಹೊಟ್ಟೆ ಉರಿಸಿದ ಸಂಗತಿ ನಡೆಯಿತು. ದಕ್ಷಿಣದ ಊರುಗಳೂ ಬಡಾವಣೆಗಳೂ ಸೇರಿ ಆಡುವ ಕಪ್ಪಿನ ಫೈನಲ್‌ನಲ್ಲಿ ಮತ್ತೆ ನಾವು, ಮತ್ತೆ ಅವರು. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯುತ್ತ ಬಂದಿದೆ. ಚಿಕ್ಕಬೈರಪ್ಪ ಎಡಗಡೆಯಿಂದ ನುಗ್ಗಿ ಬಂದ. ನಾನು ಮುಂದೆ ಬಂದು ಕೈ ಚಾಚಿ ನಿಂತೆ. ಹಿಂದಿನಿಂದ ಆ ಗಂಟಲು:

"ಹಾವು! ಕಾಲ್ ಹತ್ರ ಹಾವು!"

ನಾನು ಹಾರಿದೆ. ಚೆಂಡಿನ ಕಡೆಗಲ್ಲ, ಮೇಲಕ್ಕೆ. ಕಾಲಿನ ಕೆಳಗಿನಿಂದ ಚೆಂಡು ಉರುಳಿ ಒಳಗೆ ಹೋಯಿತು. ಬಿಳೇಕಹಳ್ಳಿಯವರು ಕುಣಿದ ಕುಣಿತಕ್ಕೆ ಎದ್ದ ಧೂಳಿನಲ್ಲಿ ನನಗೆ ಕಂಬವೇ ಕಾಣಲಿಲ್ಲ. ಸೀನು ಮೇಷ್ಟ್ರ ಹತ್ತಿರ ಜಗಳಕ್ಕೆ ಹೋದ. ಮೇಷ್ಟ್ರು ಅಕ್ಕಯಮ್ಮನವರನ್ನು ಕರೆದು ಕೇಳಿದರು.

"ಇತ್ತು ಸ್ವಾಮಿ. ಕೇರೆಹಾವು. ಈ ಗದ್ದಲಕ್ಕೆ ಹೆದ್ರಿ ಹೊಂಟೋಯ್ತು."

"ನಿಜ ಹೇಳಿ ಅಮ್ಮ."

"ಒಂದ್ ಹುಡುಗನ್ ಜೀವ ಉಳ್ಸಿದ್ದೂ ತಪ್ಪಾ?"

ಮೇಷ್ಟ್ರು ಗೋಲನ್ನು ರದ್ದು ಮಾಡಲಿಲ್ಲ. ಹಾವು ನಿಜವೋ ಸುಳ್ಳೋ ಎಂದು ನಮ್ಮ ಬ್ಲಾಕಿನ ಕಟ್ಟೆಗಳ ಮೇಲೆ ಆ ವರ್ಷವೆಲ್ಲ ವಾದ ನಡೆಯಿತು. ನಾನಂತೂ ಬಿಳೇಕಹಳ್ಳಿಯ ಕಡೆ ತಲೆಹಾಕಿ ಮಲಗುವುದನ್ನೂ ಬಿಟ್ಟೆ.

ಐವತ್ತೊಂಬತ್ತರಲ್ಲಿ ಜಿಲ್ಲಾ ತಂಡದ ಆಯ್ಕೆಯಾಯಿತು. ಗೋಲಿಗೆ ನನ್ನ ಹೆಸರು, ಸೆಂಟರ್ ಫಾರ್ವರ್ಡ್‌ಗೆ ಚಿಕ್ಕಬೈರಪ್ಪನ ಹೆಸರು. ಎರಡು ವರ್ಷ ಒಬ್ಬರನ್ನೊಬ್ಬರು ಗುರಾಯಿಸಿದವರು ಒಂದೇ ಬಣ್ಣದ ಅಂಗಿ ಹಾಕಿಕೊಂಡು ಅಕ್ಕಪಕ್ಕ ಓಡಬೇಕಾಯಿತು. ಅವನಿಗೆ ಅಲ್ಲಿ ಮೊದಲ ಸಲ ಬೂಟು ಕೊಟ್ಟರು. ಎರಡು ದಿನ ಬಾತುಕೋಳಿಯ ಹಾಗೆ ನಡೆದ. ಲೇಸು ಕಟ್ಟುವುದನ್ನು ನಾನು ತೋರಿಸಿಕೊಟ್ಟೆ. ಮಾತು ಶುರುವಾದದ್ದು ಅಲ್ಲಿಂದ.

"ಅತ್ಗೆಗೆ ಹೇಳ್ದೆ, ಗೋಲಿ ನೀನೇ ಅಂತ," ಎಂದ ಅವನು.

"ಏನಂದ್ರು?"

"ಬೊಯ್ದ್ರು. 'ಆ ತಿಳಿಸಾರ್ ನಿಲ್ಸಿದ್ರೆ ಜಿಲ್ಲೆ ಉದ್ಧಾರ ಆದಂಗೇ' ಅಂದ್ರು. ಆಮೇಲೆ 'ಹಂಗಾದ್ರೆ ಈಗ ಅವ್ನೂ ನಮ್ಮೋನೇ ಏನ್ಲಾ?' ಅಂತ ಕೇಳಿದ್ರು. ಊಂ ಅಂದೆ."

ಮಾರನೇ ದಿನ ಪ್ರಾಕ್ಟೀಸಿಗೆ ಅವನ ಚೀಲದಲ್ಲಿ ಎರಡು ಎಲೆಪೊಟ್ಟಣ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. "ಒಂದ್ ನಿಂಗೆ. ಮೈಗೆ ಶಕ್ತಿ ಬರ್ಲಿ ಅಂದ್ರು." ಹಸಿದಿದ್ದೆ, ಪೂರ್ತಿ ತಿಂದೆ. ಮನೆಯಲ್ಲಿ ಅಮ್ಮನಿಗೆ ಹೇಳಲಿಲ್ಲ. ಆ ಕಾಲ ಹಾಗಿತ್ತು. ಆದರೆ ಕ್ಯಾಂಪು ಮುಗಿಯುವವರೆಗೂ ಎರಡನೇ ಪೊಟ್ಟಣ ತಪ್ಪಲಿಲ್ಲ, ನಾನೂ ಬೇಡವೆನ್ನಲಿಲ್ಲ.

ಮ್ಯಾಚು ಕೋಲಾರ ಜಿಲ್ಲೆಯ ಮೇಲೆ, ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಫುಟ್‌ಬಾಲ್ ಮೈದಾನದಲ್ಲಿ. ಅವರ ತಂಡದಲ್ಲಿ ಮುಕ್ಕಾಲು ಪಾಲು ಚಿನ್ನದ ಗಣಿಯ ಹುಡುಗರು, ಒಬ್ಬೊಬ್ಬರೂ ಕಲ್ಲುಕಂಬ. ಜನವೋ ಜನ. ಜಯನಗರದಿಂದ ನಮ್ಮವರು ಬಸ್ಸಿನಲ್ಲಿ ಬಂದಿದ್ದರು. ಬಿಳೇಕಹಳ್ಳಿಯವರು ಇಟ್ಟಿಗೆ ಲಾರಿಯಲ್ಲಿ ಬಂದಿಳಿದರು, ತಲೆಯಿಂದ ಕಾಲಿನವರೆಗೆ ಕೆಂಪು ಧೂಳು. ಮುಂದೆ ಅಕ್ಕಯಮ್ಮ, ಪಕ್ಕದಲ್ಲಿ ಸಿದ್ದಗಂಗಮ್ಮ, ಹಿಂದೆ ಬೋರಣ್ಣ. ಅಷ್ಟು ದೊಡ್ಡ ಜನಸಂದಣಿಯಲ್ಲಿ ಹೆಂಗಸರೆಂದರೆ ಅವರೇ. ಗೇಟಿನವನು ತಡೆದನಂತೆ.

"ಲೇಡೀಸ್‌ಗೆ ಬೇರೆ ಜಾಗ ಇಲ್ಲಮ್ಮ."

"ಬ್ಯಾರೆ ಜಾಗ ಯಾಕಪ್ಪ? ಗೋಲ್ ಹತ್ರ ಸಾಕು."

ಆಟ ಶುರುವಾದದ್ದೇ ತಡ, ಕೋಲಾರದವರು ಮೇಲೆ ಬಿದ್ದರು. ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು, ತಲೆಯಲ್ಲಿ ಕುಟ್ಟಿದ್ದು ಒಂದು. ಎಲ್ಲವನ್ನೂ ಹೇಗೆ ತಡೆದೆನೋ ನನಗೇ ತಿಳಿಯದು. ಆಮೇಲೆ, ಯಾರೂ ಎಣಿಸದಿದ್ದಾಗ, ಚಿಕ್ಕಬೈರಪ್ಪನ ಕಾಲಿಗೆ ಚೆಂಡು ಸಿಕ್ಕಿತು. ಇಬ್ಬರನ್ನು ದಾಟಿದ. ಮೂರನೆಯವನು ಅಂಗಿ ಹಿಡಿದು ಎಳೆದ. ಅಂಗಿ ಹರಿಯಿತು, ಇವನು ನಿಲ್ಲಲಿಲ್ಲ. ಹೊಡೆದ. ಗೋಲು!

"ಚಿಕ್ಕಾ! ನನ್ ದೊರೆ!" ಎಂದು ಮೈದಾನದ ಅಷ್ಟು ಗದ್ದಲದ ಮೇಲೂ ಒಂದು ದನಿ ತೇಲಿಬಂತು. ಆ ದನಿಗೆ ನಾನು ಖುಷಿಪಟ್ಟದ್ದು ಅದೇ ಮೊದಲು.

ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು. ನಮ್ಮ ಪೆನಾಲ್ಟಿ ಜಾಗದೊಳಗೆ ಗುಂಪುಗುದ್ದಾಟ. ಚೆಂಡು ನಮ್ಮ ಬ್ಯಾಕೊಬ್ಬನ ಕೈಗೆ ತಗುಲಿತು. ಸೀಟಿ. ರೆಫರಿ ಸುಣ್ಣದ ಚುಕ್ಕೆಯ ಕಡೆ ಬೆರಳು ತೋರಿಸಿದರು. ಪೆನಾಲ್ಟಿ!

ಇಡೀ ಮೈದಾನ ತಣ್ಣಗಾಯಿತು. ಕೋಲಾರದ ಕ್ಯಾಪ್ಟನ್, ಕುತ್ತಿಗೆಯೇ ಇಲ್ಲದ ಭಾರೀ ಆಳು, ಚೆಂಡನ್ನು ಒರೆಸಿ ಇಟ್ಟ. ನಾನು ಗೆರೆಯ ಮೇಲೆ ನಿಂತೆ. ಹಿಂದೆ ಹಗ್ಗ ಕಟ್ಟಿದ್ದ ಕಡೆ ಏನೋ ತಳ್ಳಾಟ ಕೇಳಿಸಿತು.

"ಅಮ್ಮಾ, ಇಲ್ಲಿಗೆ ಬರಂಗಿಲ್ಲ." ಪೊಲೀಸಿನವನ ದನಿ.

"ಬರಕಿಲ್ಲ ಕಣಪ್ಪ. ಬಂದಾಯ್ತು."

ಈಗ ಆ ಗಂಟಲು ಕೂಗಿದರೆ ನನ್ನ ಕೈಕಾಲು ಬಿದ್ದುಹೋಗುವುದು ಖಂಡಿತ. ಆದರೆ ಕೂಗು ಬರಲಿಲ್ಲ. ಮನೆಯಲ್ಲಿ ಜ್ವರದ ಮಗುವಿನ ಹತ್ತಿರ ಮಾತಾಡುವ ಹಾಗೆ, ಮೆತ್ತಗೆ, ನನಗೊಬ್ಬನಿಗೇ ಕೇಳುವಷ್ಟು:

"ಸೇತುರಾಮ, ಹೆದ್ರಬ್ಯಾಡ ಮಗ. ನಾನ್ ಇಲ್ಲೇ ಇದೀನಿ."

ನನ್ನ ಹೆಸರು ಅವರಿಗೆ ಗೊತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ. ಕಾಲೂರಿ ಕಾದೆ. ಕ್ಯಾಪ್ಟನ್ ಓಡಿ ಬಂದು ಒದ್ದ. ಬಲಕ್ಕೆ ಹಾರಿದೆ. ಚೆಂಡು ಮುಷ್ಟಿಗೆ ಬಡಿದು, ಕಂಬಕ್ಕೆ ಬಡಿದು, ಮತ್ತೆ ಅವನ ಮುಂದಕ್ಕೇ ಹೋಯಿತು. ಅವನು ಇನ್ನೊಮ್ಮೆ ಕಾಲೆತ್ತುವಷ್ಟರಲ್ಲಿ ನೆಲದ ಮೇಲೆ ಹೊರಳಿ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡೆ. ಅವನ ಬೂಟು ನನ್ನ ಹೆಗಲಿಗೆ ಬಿತ್ತು. ನೋವೇ ಗೊತ್ತಾಗಲಿಲ್ಲ.

ಆಗ ಬಂತು ನೋಡಿ ಕೂಗು! ಕಬ್ಬನ್ ಪಾರ್ಕಿನ ಹಕ್ಕಿಗಳೂ ಎದ್ದಿರಬೇಕು. "ಹಿಡ್ದ! ನಮ್ ತಿಳಿಸಾರು ಹಿಡ್ದ ಕಣ್ರೋ!" ಜಯನಗರದ ನನ್ನ ಗೆಳೆಯರೂ, ಇಟ್ಟಿಗೆ ಧೂಳಿನ ಬಿಳೇಕಹಳ್ಳಿಯವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಸೀನು ಸಿದ್ದಗಂಗಮ್ಮನವರ ಕೈ ಹಿಡಿದು ಗಿರಗಿರ ತಿರುಗುತ್ತಿದ್ದ. ಕೊನೆಯ ಸೀಟಿ ಊದಿದ್ದೇ ಅಕ್ಕಯಮ್ಮ ಹಗ್ಗದ ಕೆಳಗೆ ನುಸುಳಿ ಬಂದರು. ಹಿಂದೆ ಪೊಲೀಸು, ಅವನ ಹಿಂದೆ "ಬಿಡಪ್ಪ, ಬಿಡಪ್ಪ" ಎನ್ನುತ್ತ ಬೋರಣ್ಣ. ಅಕ್ಕಯಮ್ಮ ನನ್ನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡುಬಿಟ್ಟರು, ಕಾಲೇಜು ಓದುವ ಹುಡುಗನನ್ನು! ಚಿಕ್ಕಬೈರಪ್ಪ ನಕ್ಕು ನಕ್ಕು ನೆಲಕ್ಕೆ ಕುಸಿದ.

"ನೋಡ್ಲಾ, ಒಂದ್ ಹುಲ್ ಹೊರೆ ತೂಕಾನೂ ಇಲ್ಲ. ಯಾತರಾಗ್ ತಡ್ದ?" ಎಂದು ಎಲ್ಲರಿಗೂ ತೋರಿಸಿದರು.

ವಾಪಸು ನಾನೂ ಆ ಇಟ್ಟಿಗೆ ಲಾರಿಯಲ್ಲೇ ಬಂದೆ. ದಾರಿಯುದ್ದಕ್ಕೂ ಹಾಡು, ಶಿಳ್ಳೆ. ಲಾಲ್‌ಬಾಗಿನ ಹತ್ತಿರ ನಿಂತಿದ್ದವರೆಲ್ಲ ಮದುವೆ ದಿಬ್ಬಣ ಎಂದುಕೊಂಡಿರಬೇಕು, ಕೈ ಬೀಸಿದರು.

ಆ ಆಟದಿಂದಲೇ ಚಿಕ್ಕಬೈರಪ್ಪನಿಗೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಅವರ ಟೀಮಿಗೆ ಆಡಲು. ಅಕ್ಕಯಮ್ಮ ಖುಷಿಯಿಂದ ಕಳಿಸಿದರು, ಆದರೆ ಒಂದು ಕರಾರು ಹಾಕಿದರು: ಭಾನುವಾರ ಊರಿನ ಟೀಮಿಗೆ ಆಡಲೇಬೇಕು. ಅವನು ಮಾತು ತಪ್ಪಲಿಲ್ಲ. ನಾನು ಮಾತ್ರ ಮಾರನೇ ತಿಂಗಳು ಬೈರಸಂದ್ರದಲ್ಲಿ ಒಂದು ಆಸೆ ಇಟ್ಟುಕೊಂಡು ಗೋಲಿಗೆ ನಿಂತೆ, ಇನ್ನಾದರೂ ನನ್ನ ಮೇಲೆ ಕರುಣೆ ಬಂದೀತೆಂದು. ಸೀಟಿ ಊದುವ ಮೊದಲೇ ಬೈಗುಳ ಶುರುವಾಯಿತು.

"ಅವತ್ತು ಮಗ ಅಂದ್ರಲ್ಲ ಅಕ್ಕಯಮ್ಮಾ!" ಎಂದೆ ತಿರುಗಿ.

"ಅದು ಜಿಲ್ಲೆ ಮಾತು ಕಣಪ್ಪ. ಇದು ಊರಿಂದು. ಚೆಂಡ್ ನೋಡು ಚೆಂಡ್!"

ಅಷ್ಟರಲ್ಲಿ ಗೋಲಾಗಿತ್ತು.

ಅರವತ್ತನಾಲ್ಕರಲ್ಲಿ ಸರಸ್ವತಿಯ ಜೊತೆ ನನ್ನ ಮದುವೆ, ನಾಲ್ಕನೇ ಬ್ಲಾಕಿನ ನಮ್ಮ ಮನೆ ಮುಂದೆ ಚಪ್ಪರ ಹಾಕಿ. ಕರೆಯದೆ ಬಿಟ್ಟರೆ ಅತ್ತಿಗೆ ಹಾವು ಬಿಡುತ್ತಾರೆಂದು ಚಿಕ್ಕಬೈರಪ್ಪ ಹೆದರಿಸಿದ್ದ; ಕರೆಯದಿರುವ ಯೋಚನೆ ನನಗೇನೂ ಇರಲಿಲ್ಲ. ಹೊಸ ಸೀರೆಯುಟ್ಟು, ಬಿಳೇಕಹಳ್ಳಿಯ ಇಡೀ ಟೀಮನ್ನು ಹಿಂದಿಟ್ಟುಕೊಂಡು ಬಂದರು ಅಕ್ಕಯಮ್ಮ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಅಮ್ಮ ಕೇಳಿದರು, "ತಾವು ಹುಡುಗನ ಕಡೆಯವರೋ, ಹುಡುಗಿ ಕಡೆಯವರೋ?"

"ನಾವು ಎದುರು ಟೀಮಿನೋರು ಕಣಮ್ಮ," ಎಂದರು ಅಕ್ಕಯಮ್ಮ.

ಅಮ್ಮ ಕಣ್ಣು ಕಣ್ಣು ಬಿಟ್ಟರು. ಚಪ್ಪರದಲ್ಲಿದ್ದ ಸೀನು ಎದ್ದು ಕೇಕೆ ಹಾಕಿದ, ಹನ್ನೊಂದು ಜನರೂ ದನಿಗೂಡಿಸಿದರು. ಪುರೋಹಿತರು ಮಂತ್ರ ಮರೆತು ಬಾಗಿಲ ಕಡೆ ತಿರುಗಿ ಕೂತರು. ಅಮ್ಮ ನಗುತ್ತ ಅಕ್ಕಯಮ್ಮನವರ ಕೈ ಹಿಡಿದು ಒಳಗೆ ಕರೆದುಕೊಂಡು ಬಂದು, ಮೊದಲ ಸಾಲಿನಲ್ಲೇ ಕೂರಿಸಿದರು.