ಲಿವರ್‌ಪೂಲ್‌ಗೆ ಹೊರಟ ರಟ್ಟಿನ ಬಾಂಬ್

ಅದು 2005ನೇ ಇಸವಿಯ ಆಗಸ್ಟ್ ತಿಂಗಳು. ಲಂಡನ್ನಿನ ರೈಲುಗಳಲ್ಲಿ ಬಾಂಬ್ ಸಿಡಿದು ಹೆಚ್ಚು ದಿನ ಆಗಿರಲಿಲ್ಲ. ಇಲ್ಲಿ ಸಿಡ್ನಿಯ ಸ್ಟೇಷನ್ನುಗಳಲ್ಲೂ ಅನುಮಾನದ ಚೀಲ ಕಂಡರೆ ತಿಳಿಸಿ ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ನಾನಾಗ ಓದು ಮುಗಿಸಿ, ಎಪ್ಪಿಂಗ್ ಬಡಾವಣೆಯಲ್ಲಿ ಇನ್ನಿಬ್ಬರು ಹುಡುಗರ ಜೊತೆ ರೆಂಟ್ ಹಂಚಿಕೊಂಡು, ಇಲ್ಲೇ ಖಾಯಂ ನೆಲೆಸಲು ಬೇಕಾದ ಪಿಆರ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ಪಿಆರ್ ಕೈಗೆ ಬರುವವರೆಗೆ ಯಾವ ತಂಟೆಗೂ ಹೋಗಬಾರದೆಂದು ಖಾಲಿ ರಸ್ತೆಯಲ್ಲೂ ಹಸಿರು ದೀಪ ಬರುವ ತನಕ ನಿಲ್ಲುತ್ತಿದ್ದವನು ನಾನು. ಅಂಥವನು ಟೆರರಿಸ್ಟ್ ಆಗಿದ್ದು ಸ್ವಾತಂತ್ರ್ಯ ದಿನಾಚರಣೆಯ ನಾಟಕದಿಂದ.

ಇಂಗ್ಲೆಂಡಿನಲ್ಲಿರುವಂತೆ ಸಿಡ್ನಿಯಲ್ಲೂ ಒಂದು ಲಿವರ್‌ಪೂಲ್ ಇದೆ. ಆ ಕಡೆಯ ಭಾರತೀಯರೆಲ್ಲ ಸೇರಿ ಒಂದು ಹಾಲ್ ಬುಕ್ ಮಾಡಿ ಕಾರ್ಯಕ್ರಮ ಇಟ್ಟುಕೊಂಡಿದ್ದರು. ನಾಟಕ ಬರೆದವನು ಇಮ್ರಾನ್. ಕಲಬುರಗಿಯವನು, ಕಾಲೇಜಿನಲ್ಲಿ ನಾಟಕವಾಡಿ ಬಹುಮಾನ ಗೆದ್ದವನು, ನನ್ನ ಜೊತೆ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ. ಕಥೆ ಸರಳವಾಗಿತ್ತು. ಮೊದಲನೇ ದೃಶ್ಯದಲ್ಲಿ ಒಂದೊಂದು ರಾಜ್ಯವೂ ಬಂದು ‘ನಾನು ಬೇರೆ ಆಗ್ತೀನಿ’ ಎಂದು ಭಾರತ ಮಾತೆಯ ಜೊತೆ ಜಗಳ ಆಡಬೇಕು. ಅಷ್ಟರಲ್ಲಿ ಟೆರರಿಸ್ಟ್ ಬಾಂಬ್ ಹಿಡಿದು ಬರಬೇಕು. ಆಗ ಎಲ್ಲರೂ ಒಂದಾಗಿ ಅವನನ್ನು ಓಡಿಸಬೇಕು. ಭಾರತ ಮಾತೆಯ ಪಾತ್ರ ಪ್ರೆಸಿಲ್ಲಾ ಆಂಟಿಯದು. ಮಂಗಳೂರಿನ ಕೊಂಕಣಿ ಹೆಂಗಸು, ನರ್ಸ್. ಎಂಥ ರೋಗಿಯನ್ನಾದರೂ ಒಂದೇ ಗದರಿಕೆಗೆ ಮಲಗಿಸಬಲ್ಲ ಗಂಟಲು.

ತೊಂದರೆ ಆಗಿದ್ದು ಟೆರರಿಸ್ಟ್ ಯಾರು ಎನ್ನುವಲ್ಲಿ. ಪಂಜಾಬಿನ ಸರ್ದಾರ್ಜಿ, ‘ನಾನು ಮಾಡಿದ್ರೆ ನಮ್ಮೋರೇ ನನ್ನನ್ನ ಗುರುದ್ವಾರದೊಳಗೆ ಬಿಡಲ್ಲ’ ಎಂದರು. ತಮಿಳಿನವರು ‘ಆಮೇಲೆ ಜನ ಏನೇನೋ ಅರ್ಥ ಮಾಡ್ಕೋತಾರೆ’ ಎಂದು ತಲೆ ಆಡಿಸಿದರು. ಅಸ್ಸಾಮಿನ ಹುಡುಗ ಕೇಳುವ ಮೊದಲೇ ಟಾಯ್ಲೆಟ್ಟಿಗೆ ಹೋಗಿದ್ದ. ಇಮ್ರಾನನ ಮುಖವನ್ನಂತೂ ಯಾರೂ ನೋಡಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಅವನೇ ನಕ್ಕ. “ನೋಡ್ರಿ, ಈ ಪಾರ್ಟ್ ನನಗಿಂತ ಚಲೋ ಯಾರೂ ಮಾಡಂಗಿಲ್ಲ. ಆದ್ರ ನಾ ಮಾಡಿದ್ರ ಅದು ನಾಟಕ ಅನಸಂಗಿಲ್ಲ.”

ಆಗ ಪ್ರೆಸಿಲ್ಲಾ ಆಂಟಿಯ ಕಣ್ಣು ನನ್ನ ಮೇಲೆ ಬಿತ್ತು.

“ಇವ ಆಗ್ಬಹುದಲ್ಲ? ಚಿತ್ರದುರ್ಗದವ, ಮೊಟ್ಟೆ ಸಹ ತಿನ್ನುದಿಲ್ಲ. ಇವನನ್ನು ನೋಡಿ ಯಾರು ಹೆದರ್ತಾರೆ?”

ಹೆದರದಿದ್ದರೆ ಟೆರರಿಸ್ಟ್ ಯಾಕೆ ಬೇಕು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹೀಗೆ ಒಮ್ಮತದಿಂದ ನನ್ನ ಆಯ್ಕೆಯಾಯಿತು. ಆ ತಂಡ ಒಮ್ಮತದಿಂದ ಮಾಡಿದ ಕೆಲಸ ಅದೊಂದೇ. ಉಳಿದಂತೆ ಪ್ರತಿ ಭಾನುವಾರದ ಪ್ರಾಕ್ಟೀಸಿನಲ್ಲೂ ಜಗಳ. ಯಾರು ಮೊದಲು ಬರಬೇಕು, ಯಾರ ಕುಣಿತಕ್ಕೆ ಎಷ್ಟು ಹೊತ್ತು, ಮಾತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ. ಮೊದಲನೇ ದೃಶ್ಯದ ಸುಳ್ಳು ಜಗಳ ನಿಜವಾದ ಜಗಳವಾಗಿ, ಹಾಲ್‌ನ ಅವಧಿ ಮುಗಿದು, ಎಲ್ಲರೂ ಮುಖ ಊದಿಸಿಕೊಂಡು ಮನೆಗೆ ಹೋಗುತ್ತಿದ್ದೆವು.

ಬಾಂಬ್ ತಯಾರಿ ನನ್ನ ಪಾಲಿಗೆ ಬಂತು. ಅಡುಗೆಮನೆಯ ಫಾಯಿಲ್ ಸುತ್ತಿ ಬರುವ ರಟ್ಟಿನ ಕೊಳವೆಗಳಿಗೆ ಕೆಂಪು ಬಣ್ಣ ಹಚ್ಚಿ, ಹಳೆಯ ಫೋನ್ ಚಾರ್ಜರಿನ ವೈರು ಸುತ್ತಿ, ಮೇಲೆ ಮೊಟ್ಟೆ ಬೇಯಿಸುವವರು ಇಡುವ ಟಿಕ್ ಟಿಕ್ ಗಡಿಯಾರವೊಂದನ್ನು ಅಂಟಿಸಿದೆ. ಬಹಳ ಚೆನ್ನಾಗಿ ಬಂದಿತ್ತು. ಅಷ್ಟು ಚೆನ್ನಾಗಿ ಬರಬಾರದಿತ್ತು.

ಕಾರ್ಯಕ್ರಮದ ದಿನ ಬಾಂಬನ್ನೂ ಕಪ್ಪು ಮುಸುಕನ್ನೂ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದೆ. ದಾರಿಯಲ್ಲಿ ರೈಲು ಬದಲಿಸಬೇಕಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತಿದ್ದಾಗ, ವೈರು ಕಿತ್ತು ಹೋಗಿದೆಯೋ ಏನೋ ಎಂದು ಚೀಲ ತೆರೆದು ಮುಟ್ಟಿ ನೋಡಿದೆ. ಕೈ ತಾಗಿ ಗಡಿಯಾರ ಶುರುವಾಯಿತು. ಟಿಕ್, ಟಿಕ್, ಟಿಕ್. ಪಕ್ಕದಲ್ಲಿ ಕುಳಿತಿದ್ದ ಬಿಳಿಯ ಅಜ್ಜಿ ಮೊದಲು ನನ್ನನ್ನು ನೋಡಿದರು, ಆಮೇಲೆ ಚೀಲದೊಳಗೆ ನೋಡಿದರು. ಮುಖದ ಬಣ್ಣವೇ ಹೋಯಿತು. ಪಾಪ, ಹೆದರಿದ್ದಾರೆ, ಸಮಾಧಾನ ಮಾಡೋಣ ಎಂದು ನಾನು ನಕ್ಕು ಹೇಳಿದೆ:

“ಡೋಂಟ್ ವರಿ ಮೇಡಂ. ನಾಟ್ ಹಿಯರ್. ಇನ್ ಲಿವರ್‌ಪೂಲ್.”

ಅಜ್ಜಿ ಎದ್ದರು. ಆ ವಯಸ್ಸಿಗೆ ಅಷ್ಟು ಬೇಗ ನಡೆಯುವವರನ್ನು ನಾನು ನೋಡಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ, ಎಲ್ಲರೂ ಪ್ಲಾಟ್‌ಫಾರ್ಮ್ ಖಾಲಿ ಮಾಡಿ ಎಂದು ಮೈಕಿನಲ್ಲಿ ಕೂಗಿದರು. ಜನ ಏಳುವುದನ್ನು ಕಂಡು ನಾನೂ ಎದ್ದೆ. ಅಯ್ಯೋ, ಎಲ್ಲೋ ಯಾರೋ ನಿಜವಾಗಿ ಬಾಂಬ್ ಇಟ್ಟಿದ್ದಾರೆ! ಚೀಲ ಎದೆಗವುಚಿಕೊಂಡು ಜನರ ಜೊತೆ ನಾನೂ ಓಡಿದೆ. ವಿಚಿತ್ರವೆಂದರೆ, ನಾನು ಯಾವ ಕಡೆ ಓಡಿದರೂ ಜನ ಇನ್ನೊಂದು ಕಡೆ ಓಡುತ್ತಿದ್ದರು. ಎಲ್ಲರೂ ದಾರಿ ತಪ್ಪಿ ಹೋಗುತ್ತಿದ್ದಾರೆ ಎಂದುಕೊಂಡು, “ದಿಸ್ ವೇ, ದಿಸ್ ವೇ!” ಎಂದು ಕೂಗುತ್ತಾ ಅವರ ಹಿಂದೆಯೇ ಓಡಿದೆ.

ಮೆಟ್ಟಿಲ ಹತ್ತಿರ ಇಬ್ಬರು ಪೊಲೀಸರು ನನ್ನನ್ನು ನಿಲ್ಲಿಸಿದರು. ಕೈ ಸೊಂಟದ ಪಿಸ್ತೂಲಿನ ಮೇಲಿತ್ತು. ಚೀಲ ಕೆಳಗಿಡು, ಕೈ ಮೇಲೆತ್ತು ಎಂದರು. ಆಗ ನನಗೆ ಅರ್ಥವಾಯಿತು. ಮನಸ್ಸಿನಲ್ಲಿ ಬಂದದ್ದು ಅಮ್ಮನಲ್ಲ, ದೇವರಲ್ಲ, ಪಿಆರ್.

“ಯಾರು ನೀನು?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಿಜ ಹೇಳಿಬಿಡುವುದೇ ಒಳ್ಳೆಯದೆಂದು, “ಐ ಆಮ್ ದ ಟೆರರಿಸ್ಟ್ ಸರ್...” ಎಂದೆ. “ಇನ್ ದ ಡ್ರಾಮಾ” ಎಂಬ ಮಾತು ಹೊರಗೆ ಬರುವಷ್ಟರಲ್ಲಿ ನಾನು ನೆಲದ ಮೇಲೆ ಮುಖ ಅಡಿಯಾಗಿ ಮಲಗಿದ್ದೆ.

ಅವರನ್ನು ದೂರಲಾರೆ. ಚೀಲ ಪರೀಕ್ಷೆ ಮಾಡಿ, ರಟ್ಟು ಎಂದು ಗೊತ್ತಾದ ಮೇಲೆ ಧೂಳು ಕೊಡವಿ ಎಬ್ಬಿಸಿದರು. ಹತ್ತಿರದ ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಅಲ್ಲಿ ದಪ್ಪ ಮೀಸೆಯ ಸಾರ್ಜೆಂಟ್ ಒಬ್ಬರು ನನ್ನ ನಡುಕ ನೋಡಿ ಟೀ ತರಿಸಿಕೊಟ್ಟರು. ಆದರೆ ನಾಟಕದ ಮಾತನ್ನು ಅವರು ಪೂರ್ತಿ ನಂಬಿರಲಿಲ್ಲ. ಗೊತ್ತಿದ್ದವರಿಗೆ ಫೋನ್ ಮಾಡು ಎಂದರು. ನಾನು ಪ್ರೆಸಿಲ್ಲಾ ಆಂಟಿಗೆ ಮಾಡಿದೆ.

“ಆಂಟಿ, ಭೂಷಣ್ ಮಾತಾಡ್ತಿರೋದು. ಪೊಲೀಸ್ನೋರು ಹಿಡ್ಕೊಂಡಿದಾರೆ.”

“ಎಂತಕ್ಕೆ ಮಾರಾಯ?”

“ಬಾಂಬ್ ಇಟ್ಕೊಂಡಿದ್ದಕ್ಕೆ.”

“ಅಯ್ಯೋ ದೇವಾ! ಮುರಿದು ಗಿರಿದು ಹಾಕ್ಲಿಲ್ಲ ಅಲ್ವಾ? ನಾಲ್ಕು ಗಂಟೆಗೆ ಶೋ ಉಂಟು!”

ಆಮೇಲೆ ಬಂದರು ನೋಡಿ. ಮೇಕಪ್ ಹಾಕಿ ಕುಳಿತಿದ್ದವರು ಹಾಗೇ ಕಾರು ಹತ್ತಿದ್ದರು. ಭಾಂಗ್ರಾ ಲುಂಗಿಯಲ್ಲಿ ಸರ್ದಾರ್ಜಿ, ಶಲ್ಯ ಹೊದ್ದ ತಮಿಳಿನವರು, ಶಂಖ ಹಿಡಿದ ಬಂಗಾಳಿ ಹೆಂಗಸು, ಅಸ್ಸಾಮಿನ ಹುಡುಗ, ಅವರ ಮುಂದೆ ತ್ರಿವರ್ಣದ ಸೀರೆ ಉಟ್ಟು, ಫಾಯಿಲ್ ಕಿರೀಟ ಇಟ್ಟು, ಬಾವುಟ ಹಿಡಿದ ಪ್ರೆಸಿಲ್ಲಾ ಆಂಟಿ. ಎಲ್ಲರನ್ನೂ ಎರಡು ಸಲ ಓಡಾಡಿ ಕರೆತಂದ ಇಮ್ರಾನ್ ಮಾತ್ರ ಕಾರಿನಲ್ಲೇ ಉಳಿಯಲು ನೋಡಿದ್ದ.

“ನಾ ಒಳಗ ಬಂದ್ರ ಅವನಿಗೇ ತ್ರಾಸು ಆಂಟಿ” ಎಂದನಂತೆ. ಆಂಟಿ ಅವನ ಕೈ ಹಿಡಿದು ಎಳೆದುಕೊಂಡೇ ಬಂದಿದ್ದರು.

ಸಾರ್ಜೆಂಟ್ ಆಂಟಿಯನ್ನು ಮೇಲಿಂದ ಕೆಳಗೆ ನೋಡಿ, “ನೀವು ಯಾರು?” ಎಂದರು.

“ಮದರ್ ಇಂಡಿಯಾ” ಎಂದರು ಆಂಟಿ.

“ಇವರು?”

“ನನ್ನ ಮಕ್ಕಳು.”

“ಎಲ್ಲರೂ?”

“ಎಲ್ಲರೂ. ಇವನೂ” ಎಂದು ಆಂಟಿ ಇಮ್ರಾನನನ್ನು ಮುಂದೆ ತಳ್ಳಿದರು.

ಸಾರ್ಜೆಂಟರ ಮೀಸೆಯ ಕೆಳಗೆ ನಗು ಬಂದ ಹಾಗಾಯಿತು. ನಾಟಕವೇ ಆಗಿದ್ದರೆ ಸ್ವಲ್ಪ ಆಡಿ ತೋರಿಸಿ ಎಂದರು. ತಡವೇ ಆಗಲಿಲ್ಲ. ‘ನಾನು ಬೇರೆ ಆಗ್ತೀನಿ’ ಎಂದು ಸರ್ದಾರ್ಜಿ ಟೇಬಲ್ ಗುದ್ದಿದರು. ‘ನನ್ನ ಭಾಷೆಗೆ ಬೆಲೆ ಇಲ್ಲ’ ಎಂದು ತಮಿಳಿನವರು ಗರ್ಜಿಸಿದರು. ‘ನನ್ನನ್ನು ನಕ್ಷೆಯಲ್ಲಿ ಯಾರೂ ನೋಡೋದೇ ಇಲ್ಲ’ ಎಂದು ಅಸ್ಸಾಮಿನ ಹುಡುಗ ಕಣ್ಣೀರು ಹಾಕಿದ. ವಾರಗಟ್ಟಲೆ ನಿಜವಾಗಿ ಜಗಳ ಆಡಿದ್ದರಿಂದ ಅಭಿನಯ ಅದ್ಭುತವಾಗಿತ್ತು. ಒಳಗಿನ ಕೋಣೆಗಳಿಂದ ಪೊಲೀಸರು ಬಂದು ಬಾಗಿಲಲ್ಲಿ ನಿಂತರು.

“ಚೆನ್ನಾಗಿದೆ. ಕೊನೆಗೆ ಇವರು ಒಂದಾಗುವುದು ಹೇಗೆ? ಅದನ್ನೂ ತೋರಿಸಿ” ಎಂದರು ಸಾರ್ಜೆಂಟ್.

ಎಲ್ಲರೂ ಮುಖ ಮುಖ ನೋಡಿಕೊಂಡರು. ಆ ದೃಶ್ಯದ ತನಕ ನಮ್ಮ ಪ್ರಾಕ್ಟೀಸ್ ಒಂದು ದಿನವೂ ಹೋಗಿರಲಿಲ್ಲ!

ಆಂಟಿ ಕಿರೀಟ ಸರಿಮಾಡಿಕೊಂಡು ಹೇಳಿದರು: “ಅದಕ್ಕೇ ಸರ್ ಇವನನ್ನು ಬಿಡಿ ಅಂತ ಕೇಳುದು. ಟೆರರಿಸ್ಟ್ ಬಾರದಿದ್ರೆ ಇವರು ಒಂದಾಗುದೇ ಇಲ್ಲ.” ಇದನ್ನು ಆಂಟಿ ತಮ್ಮದೇ ಇಂಗ್ಲಿಷಿನಲ್ಲಿ ಹೇಳಿದಾಗ ಇಡೀ ಸ್ಟೇಷನ್ ನಕ್ಕಿತು.

ಇನ್ನು ಮುಂದೆ ಇಂಥ ವಸ್ತು ರೈಲಿನಲ್ಲಿ ತರಬೇಡ ಎಂದು ಬುದ್ಧಿ ಹೇಳಿ ನನ್ನನ್ನು ಬಿಟ್ಟರು. ಬಾಂಬ್ ಮಾತ್ರ ಕೊಡಲಿಲ್ಲ. ನಾಟಕದಲ್ಲಿ ನಾನು ಬಂಗಾಳಿ ಹೆಂಗಸಿನ ಟಿಫಿನ್ ಕ್ಯಾರಿಯರ್ ಹಿಡಿದು ವೇದಿಕೆಗೆ ಬಂದೆ. ಸುದ್ದಿ ಆಗಲೇ ಹಬ್ಬಿತ್ತು. ಜನ ಹೆದರುವ ಬದಲು ಎದ್ದು ನಿಂತು ಚಪ್ಪಾಳೆ ಹೊಡೆದರು. ಕೊನೆಯ ದೃಶ್ಯದಲ್ಲಿ ಎಲ್ಲರೂ ಒಂದಾಗಿ ನನ್ನನ್ನು ಹೊಡೆದು ಓಡಿಸಬೇಕಿತ್ತು. ಆದರೆ ಸರ್ದಾರ್ಜಿ ಬಂದು ಅಪ್ಪಿಕೊಂಡುಬಿಟ್ಟರು. ಉಳಿದವರೂ ಅಪ್ಪಿಕೊಂಡರು. ಆ ವರ್ಷ ನಮ್ಮ ದೇಶ ಹಾಗೆ ಒಂದಾಯಿತು.

ಸಂಜೆ ಇಮ್ರಾನ್ ನನ್ನನ್ನು ಕಾರಿನಲ್ಲಿ ಎಪ್ಪಿಂಗ್‌ಗೆ ಬಿಡಲು ಬಂದ. ದಾರಿಯುದ್ದಕ್ಕೂ ಅಜ್ಜಿಯ ಓಟ ನೆನೆಸಿಕೊಂಡು ಇಬ್ಬರೂ ನಗುತ್ತಿದ್ದೆವು. ಒಂದು ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನು ನಗುತ್ತಲೇ ಹೇಳಿದ:

“ಭೂಷಣ್, ನಿನ್ನ ಚೀಲದಾಗ ಬಾಂಬ್ ಇತ್ತು. ನಿನಗ ಚಾ ಕೊಟ್ಟು ಕಳಿಸಿದ್ರು. ಹ್ವಾದ ತಿಂಗಳ ಮೆಲ್ಬರ್ನ್‌ಗ ಅಕ್ಕನ ಮನಿಗೆ ಹೊಂಟಿದ್ದೆ. ನನ್ನ ಚೀಲದಾಗ ಶೇಂಗಾ ಚಟ್ನಿಪುಡಿ ಇತ್ತು. ಏರ್‌ಪೋರ್ಟಿನಾಗ ಹೆಸರು ಓದಿದ್ರು, ಚೀಲ ತೆಗಿಸಿದ್ರು, ವಿಮಾನ ಹೋಗೋತನಕ ಕುಂಡ್ರಿಸಿದ್ರು.”

ನನ್ನ ನಗು ಅಲ್ಲೇ ನಿಂತಿತು.

“ಏ, ನಗೋ ಮಾರಾಯ” ಎಂದು ಭುಜಕ್ಕೆ ಗುದ್ದಿದ. “ನಗಲಿ ಅಂತನೇ ಹೇಳೀನಿ.”

ನಕ್ಕೆ. ಏನು ಮಾಡಬೇಕೆಂದು ತೋಚದೆ ನಕ್ಕೆ.

ಮರುವರ್ಷ ನನಗೆ ಪಿಆರ್ ಬಂತು. ಈಗಲೂ ಯಾರ ಮನೆಗೆ ಊಟಕ್ಕೆ ಹೋದರೂ ಈ ಕಥೆ ಹೇಳು ಎಂದು ಹಿಡಿದುಕೊಳ್ಳುತ್ತಾರೆ. ‘ಇನ್ ಲಿವರ್‌ಪೂಲ್’ ಎಂಬಲ್ಲಿಗೆ ಬರುವ ಹೊತ್ತಿಗೆ ನಕ್ಕೂ ನಕ್ಕೂ ಅವರ ಹೊಟ್ಟೆ ಹುಣ್ಣಾಗಿರುತ್ತದೆ. ವೇದಿಕೆಯಲ್ಲಿ ಎಲ್ಲರೂ ಅಪ್ಪಿಕೊಂಡಲ್ಲಿಗೇ ನಿಲ್ಲಿಸಿದರೆ ಎಲ್ಲರಿಗೂ ಖುಷಿ. ಆದರೆ ನಾನು ಚಟ್ನಿಪುಡಿಯ ತನಕ ಹೇಳಿಯೇ ಮುಗಿಸುತ್ತೇನೆ.