ಬ್ರೇಕು ನೋಡದ ಸಹಿ

ಮಹಾವೀರರೆಲ್ಲ ಮೇಲೇರಿ ಹೆಸರು ಮಾಡಿದರೆ, ನಮ್ಮ ಲಿಫ್ಟ್ ಮೆಕ್ಯಾನಿಕ್ ಹೆಸರು ಮಾಡಿದ್ದು ಇಳಿದು. ಅದೂ ಮೆಟ್ಟಿಲಿನ ಮೇಲೆ, ತತ್ತ್ವಶಾಸ್ತ್ರದ ನಿವೃತ್ತ ಮೇಡಂ ಒಬ್ಬರನ್ನು ಕುರ್ಚಿಸಮೇತ ಹೊತ್ತುಕೊಂಡು.

ಇಪ್ಪತ್ತೆರಡು ವರ್ಷದ ಸರ್ವೀಸು. ಲಿಫ್ಟು ಕೆಮ್ಮುವ ಮೊದಲೇ ಅದರ ನೆಗಡಿ ಅವನ ಕಿವಿಗೆ ತಿಳಿಯುತ್ತಿತ್ತು. ಆ ಹೆಮ್ಮೆಯೇ ಮುಳುವಾಯಿತು. ಹಿಂದಿನ ದಿನ ಹತ್ತು ಮಹಡಿಯ ಕಟ್ಟಡವೊಂದರಲ್ಲಿ, ಬ್ರೇಕಿನ ಮುಚ್ಚಳ ಬಿಚ್ಚದೆ ಬರೀ ಸದ್ದು ಕೇಳಿ, ತಪಾಸಣೆ ಕಾರ್ಡಿನಲ್ಲಿ ‘ಬ್ರೇಕ್ ನೋಡಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿ ಬಂದಿದ್ದ. ಬೆಳಿಗ್ಗೆ ಹಲ್ಲುಜ್ಜುವಾಗ ‘ನೋಡಿದೆ’ ಎಂಬ ಆ ಮೂರಕ್ಷರ ಗಂಟಲಿಗೆ ಸಿಕ್ಕಿಕೊಂಡಿತು.

ಆ ಕಟ್ಟಡಕ್ಕೆ ಓಡಿಬಂದು ಲಿಫ್ಟ್ ನಿಲ್ಲಿಸಿದ. ಸಹಿಯ ಮೇಲೆ ಗೆರೆ ಎಳೆದು ಮ್ಯಾನೇಜರಿಗೆ ಫೋನು ಮಾಡಿದ.

“ಲಿಫ್ಟ್ ಓಡ್ತಿತ್ತೇನಯ್ಯಾ?”

“ಬೆಣ್ಣೆ ಥರ ಓಡ್ತಿತ್ತು ಸಾರ್.”

“ಮತ್ತೇನು ನಿನ್ನ ರೋಗ?”

“ಗೊತ್ತಿಲ್ದೇ ಇರೋದನ್ನ ಗೊತ್ತು ಅಂತ ಬರೆದಿದ್ದೀನಿ ಸಾರ್.”

“ಸಹಿ ಹೊಡೆದುಹಾಕೋನಿಗೆ ಸಹಿ ಹಾಕೋ ಕೆಲಸ ಯಾಕೆ? ಸಂಜೆ ಬಂದು ಕಾಣು.”

ಸಹಿಯ ಅಧಿಕಾರ ಹೋದರೆ ಉಳಿಯುವುದು ಗ್ರೀಸು ಬಳಿಯುವ ಕೆಲಸ.

ಅಷ್ಟರಲ್ಲಿ ಒಂಬತ್ತನೇ ಮಹಡಿಯಿಂದ ಮೇಡಂ ಗುಡುಗಿದರು. ಹತ್ತು ಗಂಟೆಗೆ ಮಂಡಿ ಡಾಕ್ಟರನ್ನು ಕಾಣಬೇಕು. ಬ್ರೇಕು ಬಿಚ್ಚಿ ನೋಡಲು ಎರಡು ತಾಸು ಬೇಕು.

“ಒಂದೇ ಒಂದ್ಸಲ ಇಳಿಸಿಬಿಡಪ್ಪಾ.”

“ಆಗಲ್ಲಮ್ಮಾ. ಬೇಕಾದ್ರೆ ನಾನೇ ಲಿಫ್ಟ್ ಆಗ್ತೀನಿ.”

ಹೊರಟಿತು ಮೆರವಣಿಗೆ. ಪ್ಲಾಸ್ಟಿಕ್ ಕುರ್ಚಿಯೇ ಪಲ್ಲಕ್ಕಿ. ಮುಂದೆ ಮೆಕ್ಯಾನಿಕ್, ಹಿಂದೆ ಹಿಡಿಶಾಪ ಹಾಕುತ್ತ ವಾಚ್‌ಮನ್.

“ಬ್ರೇಕ್ ಸರಿಯಿದೆ ಅಂತ ನಿನಗೆ ನಂಬಿಕೆ ಇದೆ ತಾನೇ?” ಮೇಡಂ ಮೊದಲ ತಿರುವಿನಲ್ಲೇ ಪಾಠ ಶುರುಮಾಡಿದರು.

“ಬೆಟ್ಟದಷ್ಟಿದೆ.”

“ನೋಡಿದಾಗ ನಿಜವಾಗ್ಲೂ ಸರಿಯಿದ್ರೆ?”

“ನಂಬಿದ್ದು ನಿಜ ಆಯ್ತು, ಅಷ್ಟೇ. ನಿನ್ನೆ ನನ್ನ ಹತ್ರ ಆಧಾರ ಎಲ್ಲಿತ್ತಮ್ಮಾ?”

“ಆಧಾರ ಇಲ್ಲದ ನಿಜಕ್ಕೆ ಅರಿವು ಅನ್ನಲ್ಲ ಕಣೋ, ಅದೃಷ್ಟ ಅಂತಾರೆ.”

“ನಿಮ್ಮ ಅರಿವು, ಅದೃಷ್ಟ ಹಾಳಾಗಲಿ, ನನ್ನ ಸೊಂಟದ ಗತಿಯೇನು?” ವಾಚ್‌ಮನ್ ನರಳಿದ.

ಐದನೇ ಮಹಡಿಯಲ್ಲಿ ಮೇಡಂ ಮತ್ತೆ ಕೆಣಕಿದರು: “ಯಾರಿಗೂ ಏನೂ ಆಗಿಲ್ಲ. ನಿನ್ನ ಉದ್ದೇಶನೂ ಕೆಟ್ಟದ್ದಲ್ಲ. ತಪ್ಪೆಲ್ಲಿ ಬಂತು?”

“ನೋಡಿದೆ ಅಂತ ಬರೆದಾಗಲೇ ಬಂತಲ್ಲಮ್ಮಾ. ಯಾರೂ ಬೀಳದೇ ಇದ್ದದ್ದು ನನ್ನ ಪುಣ್ಯ. ಅದನ್ನ ನನ್ನ ಒಳ್ಳೇತನ ಅಂತ ಹೇಗೆ ಹೇಳ್ಕೊಳ್ಳಲಿ?”

ಮೂರನೇ ಮಹಡಿಯಲ್ಲಿ ಮೇಡಂ ಕುರ್ಚಿಯ ಕೈ ಬಿಗಿಹಿಡಿದರು. “ಇದನ್ನ ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದೆ. ನನಗೆ ಇಷ್ಟು ಅಲ್ಲಾಡಿಸಿ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡ ಉಪಕಾರ ಆಯ್ತಪ್ಪಾ,” ಎಂದರು.

ಅವರನ್ನು ಆಟೋ ಹತ್ತಿಸಿ, ಮೇಲೇರಿ ಮುಚ್ಚಳ ಬಿಚ್ಚಿದ. ಬ್ರೇಕು ಮದುಮಗನ ಹಾಗೆ ಲಕಲಕ ಹೊಳೆಯುತ್ತಿತ್ತು. ಅವನು ಅದಕ್ಕೇ ಕೈಮುಗಿದುಬಿಟ್ಟ. ಆಮೇಲೆ ಕಾರ್ಡಿನಲ್ಲಿ ‘ನಿಜವಾಗಿ ನೋಡಿದೆ’ ಎಂದು ಬರೆದ.

ಸಂಜೆ ಮ್ಯಾನೇಜರ್ ಕೇಳಿದ: “ಹೇಗಿತ್ತಪ್ಪಾ ಬ್ರೇಕು?”

“ಸರಿಯಾಗೇ ಇತ್ತು ಸಾರ್.”

“ಹಾಗಾದ್ರೆ ಸುಮ್ಸುಮ್ನೆ ಹತ್ತು ಮಹಡಿಯವರ ಹತ್ರಾನೂ ಬೈಸ್ಕೊಂಡೆ.”

“ಹೌದು ಸಾರ್. ಬೈಯೋಕೆ ಎಲ್ಲರೂ ಇದ್ರಲ್ಲ, ಅದೇ ಸಂತೋಷ.”

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಬೇರೆ ಮೆಕ್ಯಾನಿಕ್‌ಗಳು ಸಹಿ ಮಾಡಿದ ಕಾರ್ಡುಗಳ ಕಟ್ಟನ್ನು ಮೇಜಿನ ಮೇಲೆ ಇತ್ತ ತಳ್ಳಿದ. “ಹದಿನಾಲ್ಕು ಕಟ್ಟಡ ಇವೆ. ನಾಳೆಯಿಂದ ಇವರೆಲ್ಲ ನೋಡಿದ್ದನ್ನ ನೀನು ಇನ್ನೊಂದ್ಸಲ ನೋಡು.”

“ಉಪಕಾರ ಸಾರ್!” ಎಂದು ಕಟ್ಟನ್ನು ಎದೆಗವಚಿಕೊಂಡು ಹೊರಬಿದ್ದ. ಆ ಹದಿನಾಲ್ಕರಲ್ಲೂ ಲಿಫ್ಟ್ ನಿಲ್ಲಿಸಿ ಮೆಟ್ಟಿಲು ಹತ್ತಬೇಕೆಂಬುದು ಹೊಳೆದದ್ದು ರಸ್ತೆಗೆ ಬಂದ ಮೇಲೆ. ಆದರೂ ಅವನ ನಗು ನಿಲ್ಲಲಿಲ್ಲ.